ಅಯೋವಾದಲ್ಲಿ ಬಿಡಿಸಿದ ಏಳು ತಲೆಯ ಸಿಕ್ಕು

೧೯೫೯ನೆಯ ಇಸವಿ, ಮಾರ್ಚ್ ೬, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಡೊರೊತಿಯಮ್ಮನವರ ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ನಾನು, ಪದ್ಮಕ್ಕ, ನಮ್ಮಿಬ್ಬರ ನಡುವೆ ಒಂದು ಬುಟ್ಟಿ ಸೇಬು. ಮುಂದಿನ ಸೀಟಿನಲ್ಲಿ ಅವರ ಮಗಳು ಕ್ಯಾರಲ್ ಮತ್ತು ಕ್ಯಾರಲ್‌ಳ ತಲೆ. ತಲೆಯನ್ನು ಬೇರೆಯಾಗಿ ಬರೆಯಲು ಕಾರಣವಿದೆ. ಆ ದಿನ ಅದು ಕಾರಿನ ಮಾಡಿಗೆ ತಾಗುತ್ತಿತ್ತು.

ನಾನು ಆದೋನಿ ತಾಲೂಕಿನ ಗ್ರಾಮಸೇವಕಿ. ಪದ್ಮಕ್ಕ ಆದೋನಿಯಲ್ಲೇ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ಅರ್ಚಕರ ಮಗಳು, ನನಗಿಂತ ಎರಡು ವರ್ಷ ಹಿರಿಯರು. ಹಳ್ಳಿಯ ಯುವಜನರನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕಳಿಸುವ ಯೋಜನೆಯೊಂದರಲ್ಲಿ ನಮ್ಮಿಬ್ಬರನ್ನೂ ಆರು ತಿಂಗಳ ಮಟ್ಟಿಗೆ ಅಮೆರಿಕದ ಅಯೋವಾ ಪ್ರಾಂತದ ಒಂದು ರೈತರ ಮನೆಗೆ, ಈ ಡೊರೊತಿಯಮ್ಮನವರ ಮನೆಗೆ, ಕಳಿಸಿದ್ದರು. ಅಲ್ಲಿಯ ಹೊಲದ ಮಣ್ಣು ನಮ್ಮ ಕಡೆಯ ಹೊಳಗುಂದದ ಎರೆಮಣ್ಣಿನಷ್ಟೇ ಕಪ್ಪು, ಮಳೆ ಬಂದರೆ ಅಷ್ಟೇ ಕಾಲಿಗಂಟುತ್ತದೆ. ಆದರೆ ನಮ್ಮ ಕಡೆ ಜೋಳ ನಿಂತಿರುವ ಕಾಲಕ್ಕೆ ಅಲ್ಲಿ ಹಿಮ ಮಲಗಿರುತ್ತದೆ. ದಿನಚರಿಯಲ್ಲಿ ‘ಮೊದಲ ಸಲ ಕಂಡದ್ದು’ ಎಂದು ಒಂದು ಪುಟ ಮಾಡಿಕೊಂಡಿದ್ದೆ. ಹಂದಿಗೆ ರೇಡಿಯೊ ಕೇಳಿಸುವುದು ನಾಲ್ವತ್ತನೆಯದು. ಕ್ಯಾರಲ್‌ಳ ತಲೆ ನಾಲ್ವತ್ತೊಂದನೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಮನೆಯವರು ಆಡುತ್ತಿದ್ದುದು ಇಂಗ್ಲಿಷ್. ಆದರೆ ಡೊರೊತಿಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಮಾತಾಡುವಾಗ ನನ್ನ ಕಿವಿಗೆ ಅದು ನಮ್ಮ ಓಣಿಯ ಮಾತಿನಂತೆಯೇ ಕೇಳುತ್ತಿತ್ತು. ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ತಲೆಯ ವಿಷಯ. ಅಲ್ಲಿನ ಹುಡುಗಿಯರು ಕೂದಲನ್ನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗೆ ಮೇಲೆತ್ತಿ ಹಿಡಿದು, ಬಾಚಣಿಗೆಯನ್ನು ತುದಿಯಿಂದ ಬುಡಕ್ಕೆ ಒತ್ತುತ್ತಾರೆ; ನಾವು ಬಾಚುವುದಕ್ಕೆ ಪೂರಾ ಉಲ್ಟಾ. ಒಳಗೆಲ್ಲ ಗೂಡು ಕಟ್ಟಿದಂತಾಗಿ ಕೂದಲು ಉಬ್ಬಿ ನಿಲ್ಲುತ್ತದೆ. ಅದರ ಮೇಲೆ ಡಬ್ಬಿಯಿಂದ ಅಂಟುನೀರನ್ನು ಹೊಗೆಯಂತೆ ಚಿಮ್ಮಿಸುತ್ತಾರೆ. ಒಣಗಿದರೆ ತಟ್ಟಿ ನೋಡಬಹುದು, ಸದ್ದು ಬರುತ್ತದೆ.

ಪದ್ಮಕ್ಕ ನಮ್ಮೂರಿನ ರೂಢಿಯಂತೆ ಕನ್ನಡಕ್ಕೆ ತೆಲುಗು ಬೆರಸಿ ನನ್ನ ಕಿವಿಯಲ್ಲಿ ಹೇಳಿದರು: “ನಮ್ಮವ್ವ ನನ್ನ ತಲಿ ಸಿಕ್ಕು ಬಿಡಸಾಕ ದಿನಾ ಬೈತಿದ್ಲು. ಇವರು ಬೇಕಂತಲೇ ಸಿಕ್ಕು ಮಾಡ್ಕೊಂತಾರ ನೋಡೇ. ಏಮಿ ಜನಂ ರಾ ದೇವುಡಾ!”

ಕೂಗುವ ಪಂದ್ಯ

ನಾವು ಹೋದದ್ದು ಪಕ್ಕದ ಊರಿನ ಶಾಲೆಯ ಆಟದ ಮನೆಗೆ. ಮನೆಯೊಳಗೆ ಮೈದಾನ, ಸುತ್ತಲೂ ಮರದ ಮೆಟ್ಟಿಲು. ಆ ದೇಶದಲ್ಲಿ ಚೆಂಡಾಟ ನಡೆಯುವಾಗ ತಮ್ಮ ಊರಿನ ತಂಡಕ್ಕೆ ಹುರುಪು ಕೊಡಲು ಕೂಗುವ ಹುಡುಗಿಯರ ಒಂದು ಗುಂಪೇ ಇರುತ್ತದೆ. ಅವರನ್ನು ಚಿಯರ್‌ಲೀಡರ್ ಎನ್ನುತ್ತಾರೆ. ನಮ್ಮಲ್ಲಿ ಕಬಡ್ಡಿ ನಡೆದರೆ ಆದೋನಿಗೆ ಆದೋನಿಯೇ ಕೂಗುತ್ತದೆ, ಯಾರೂ ಕಲಿಸಿರುವುದಿಲ್ಲ. ಅಲ್ಲಿ ಕೂಗನ್ನು ವರ್ಷವಿಡೀ ಅಭ್ಯಾಸ ಮಾಡುತ್ತಾರೆ. ಆ ದಿನ ಚೆಂಡೂ ಇರಲಿಲ್ಲ, ಆಟಗಾರರೂ ಇರಲಿಲ್ಲ. ಕೂಗುವವರದ್ದೇ ಪಂದ್ಯ.

“ಆಟ ಎಲ್ಲೈತ್ರಿ?” ಎಂದು ಪದ್ಮಕ್ಕ ಡೊರೊತಿಯಮ್ಮನನ್ನು ಕೇಳಿಯೇಬಿಟ್ಟರು.

“ಇದೇ ಆಟಬೇ,” ಎಂದರು ಅವರು, ಕಣ್ಣು ಮಗಳ ಮೇಲಿಂದ ತೆಗೆಯದೆ.

ಕ್ಯಾರಲ್‌ಳ ತಂಡದಲ್ಲಿ ಏಳು ಹುಡುಗಿಯರು; ಯಾರಾದರೂ ತಪ್ಪಿದರೆ ಇರಲೆಂದು ಎಂಟನೆಯವಳೊಬ್ಬಳನ್ನೂ ಕಲಿಸಿಟ್ಟಿದ್ದರು. ಏಳೂ ಜನ ಒಂದೇ ನೀಲಿ ಲಂಗ, ಒಂದೇ ಬಿಳಿ ಬೂಟು, ಒಂದೇ ಎತ್ತರದ ತಲೆ. ಹಾರಿದರೆ ಒಟ್ಟಿಗೆ, ಇಳಿದರೆ ಒಂದೇ ಸದ್ದು. ಕ್ಯಾರಲ್ ನಡುವೆ ನಿಂತು ಮೊದಲ ಮಾತು ಕೂಗುತ್ತಿದ್ದಳು, ಉಳಿದವರು ಎತ್ತಿಕೊಳ್ಳುತ್ತಿದ್ದರು. ಮನೆಯಲ್ಲಿ ಹಾಲಿನ ಲೋಟ ಇಡುವಾಗಲೂ ಸದ್ದಾಗದಂತೆ ಇಡುವ ಹುಡುಗಿ ಅವಳು. ಆ ಕಂಠ ಎಲ್ಲಿತ್ತೋ.

ಹನ್ನೊಂದು ತಂಡಗಳಲ್ಲಿ ನಾಲ್ಕನ್ನು ಮರುದಿನದ ಕೊನೆಯ ಸುತ್ತಿಗೆ ಆರಿಸಿದರು. ನಾಲ್ಕನೆಯ ಹೆಸರು ನಮ್ಮದು. ಡೊರೊತಿಯಮ್ಮ ಎದ್ದು ನಿಂತ ರಭಸಕ್ಕೆ ಸೇಬುಗಳೆಲ್ಲ ಮೆಟ್ಟಿಲುಗಳ ಮೇಲೆ ಉರುಳಿಹೋದವು. ಪದ್ಮಕ್ಕನೂ ನಾನೂ ಅಪರಿಚಿತರ ಕಾಲುಗಳ ನಡುವೆ ಬಗ್ಗಿ ಆರಿಸುತ್ತಿದ್ದಾಗ, ತಂಡದ ಉಸ್ತುವಾರಿಯಾದ ಮಿಸ್ ಹೆಲೆನ್ ಹುಡುಗಿಯರಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು.

“ನಾಳೆ ಏಳೂ ತಲಿ ಹಿಂಗೇ ಇರಬೇಕು. ಒಬ್ಬಾಕಿದು ಬ್ಯಾರೆ ಕಂಡ್ರೂ ಮಾರ್ಕು ಹೋಗ್ತೈತಿ. ಹಂಗಾದ್ರ ಎಂಟನೇಯಾಕಿನ್ನ ನಿಲ್ಲಸ್ತೀನಿ. ಯಾರ ಮಗಳು ಅಂತ ನೋಡಾಂಗಿಲ್ಲ.”

ಕ್ಯಾರಲ್‌ಗೆ ಅದು ಶಾಲೆಯ ಕೊನೆಯ ವರ್ಷ. ಹಿಂದಿನ ಎರಡು ವರ್ಷವೂ ಆ ತಂಡ ಮೊದಲ ದಿನವೇ ಮನೆಗೆ ಬಂದಿತ್ತು. ಈ ಸಲ ತಪ್ಪಿದರೆ ಅವಳಿಗೆ ಇನ್ನೊಂದು ಸಲ ಇಲ್ಲ.

ಶುಕ್ರವಾರ ಸಂಜೆ, ಡೊರೊತಿಯಮ್ಮನ ಅಡಿಗೆಮನೆ

ಹೊರಗೆ ಬಂದಾಗ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಹೊಲಸು ಸುರಿಯುತ್ತಿತ್ತು. ಕಾರು ನಿಲ್ಲಿಸಿದ ಜಾಗ ದೂರ. ಕ್ಯಾರಲ್ ಕುಣಿಯುತ್ತಲೇ ತೋಯ್ದಳು. ಮನೆಗೆ ಬಂದವಳೇ, ಅಂಟು ಹೋಗಲಿ ಎಂದು ಬಿಸಿನೀರಿನ ನಲ್ಲಿಯ ಕೆಳಗೆ ತಲೆ ಹಿಡಿದು ಸೋಪು ಹಾಕಿ ಎರಡೂ ಕೈಯಿಂದ ಗಸಗಸ ತಿಕ್ಕಿದಳು.

ಅವಳ ಕೂಗು ಕೇಳಿ ಎಲ್ಲರೂ ಓಡಿದೆವು. ಈ ಸಲದ್ದು ಪಂದ್ಯದ ಕೂಗಲ್ಲ. ಬಲಗಿವಿಯಿಂದ ನೆತ್ತಿಯವರೆಗೆ ಕೂದಲು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಡೊರೊತಿಯಮ್ಮ ಬಾಚಣಿಗೆ ಹಾಕಿ ಎಳೆದರು. ಬಾಚಣಿಗೆಯ ಮೂರು ಹಲ್ಲು ಮುರಿದು ಅದರೊಳಗೇ ಉಳಿದವು. ಇನ್ನೊಂದು ಸಲ ಎಳೆದರು. ಕ್ಯಾರಲ್ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಒಳಗೆ ಹೋಗಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದರು.

“ಕತ್ತರಿ ಹಿಡದಾಳಲ್ಲೇ, ಉರುಕುಂದದ ಈರಣ್ಣಗೇನಾದ್ರೂ ಮುಡಿ ಕೊಡ್ತೀನಂತ ಹರಕಿ ಹೊತ್ತಾಳೇನು?” ಎಂದು ಪದ್ಮಕ್ಕ ಕನ್ನಡದಲ್ಲಿ ಪಿಸುಗುಟ್ಟಿದರು. ಆದರೆ ಕ್ಯಾರಲ್‌ಳ ಮುಖ ನೋಡಿ ಒಂದು ಒಣಬಟ್ಟೆ ತಂದು ಅವಳ ಕೈಗಿತ್ತರು.

“ಮಮ್ಮೀ, ಕತ್ತರಸಿದ್ರ ನಾಳೆ ನಾ ಹ್ಯಾಂಗ ನಿಲ್ಲಲಿ?”

“ನಿಲ್ಲಬ್ಯಾಡ. ಕೂದಲ ಮತ್ತ ಬೆಳೀತಾವ.”

“ನಾಳೆ ಮತ್ತ ಬರಾಂಗಿಲ್ಲ!”

ನಾನು ನಡುವೆ ಬಾಯಿ ಹಾಕಿದೆ. “ಕತ್ತರಿ ಇಡ್ರಿ ಅಮ್ಮಾ. ಊಟದ ಹೊತ್ತಿಗೆ ಬಿಡಸ್ತೀನಿ.”

ಈ ಧೈರ್ಯ ಎಲ್ಲಿಂದ ಬಂತೆಂದು ಓದುಗರು ಕೇಳಬಹುದು. ನಮ್ಮ ತಂದೆ ಆದೋನಿಯಲ್ಲಿ ಸರಕಾರಿ ನೌಕರರಾದರೂ ನಮ್ಮದು ಎಮ್ಮಿಗನೂರಿನ ನೇಕಾರರ ಮನೆ. ರಜೆಗೆ ಅಜ್ಜಿಯ ಮನೆಗೆ ಹೋದರೆ, ಸಿಕ್ಕಾದ ನೂಲಿನ ಲಡಿಗಳನ್ನು ಹುಡುಗಿಯರಾದ ನಮ್ಮ ಮಡಿಲಿಗೆ ಹಾಕುತ್ತಿದ್ದರು. ಗಂಜಿ ಹಾಕಿದ ಮೇಲೆ ಸಿಕ್ಕಾಗಿ, ಅದರ ಮೇಲೆ ಯಾರೋ ತಿಳಿಯದೆ ನೀರು ಚೆಲ್ಲಿದ ಲಡಿ ಎಲ್ಲಕ್ಕಿಂತ ಕೆಟ್ಟದ್ದು. ಕ್ಯಾರಲ್‌ಳ ತಲೆ ಮುಟ್ಟಿ ನೋಡಿದಾಗ ನನ್ನ ಬೆರಳಿಗೆ ಅದೇ ಲಡಿ ಸಿಕ್ಕಿತು. ಅಂಟುನೀರು ಎಂದರೆ ಗಂಜಿಯಲ್ಲದೆ ಇನ್ನೇನು?

ಅವಳನ್ನು ಒಲೆಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದೆ. ಗಂಟಾದ ಕೂದಲನ್ನು ಅಂಗೈಯಲ್ಲಿ ಹಿಡಿದು ಒಂದು ಸಲ ನನ್ನ ಕೆನ್ನೆಗೆ ಒತ್ತಿಕೊಂಡೆ.

“ಅದ್ಯಾಕ?” ಎಂದಳು ಕ್ಯಾರಲ್.

“ಏನದು?”

“ಕೆನ್ನಿಗೆ ಯಾಕ ಹಚ್ಚಿದಿ?”

ಹಚ್ಚಿದ್ದು ನನಗೇ ತಿಳಿದಿರಲಿಲ್ಲ. ಅಜ್ಜಿ ಪ್ರತಿಯೊಂದು ಲಡಿಯನ್ನೂ ಬಿಡಿಸುವ ಮೊದಲು ಹಾಗೆ ಮಾಡುತ್ತಿದ್ದರು. ಅವರನ್ನು ನೋಡಿ ನಾನೂ ಮಾಡುತ್ತಿದ್ದೆ. “ಗೊತ್ತಿಲ್ಲವ್ವಾ, ನಮ್ಮಜ್ಜಿ ಹಿಂಗ ಮಾಡ್ತಿದ್ಲು,” ಎಂದೆ.

ಮೊದಲು ತಲೆಯನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿದೆ. ಒದ್ದೆ ಸಿಕ್ಕನ್ನು ಎಳೆದರೆ ಅದು ಇನ್ನೂ ಬಿಗಿಯುತ್ತದೆ. ಗಂಟಾಗದ ಕೂದಲನ್ನು ಚಿಕ್ಕ ಚಿಕ್ಕ ಲಡಿ ಮಾಡಿ ಬಿಳಿ ದಾರದಿಂದ ಕಟ್ಟಿ ಬದಿಗಿಟ್ಟೆ; ಬಿಡಿಸಿದ್ದು ಮತ್ತೆ ಸಿಕ್ಕಿನೊಳಗೆ ಹೋಗಬಾರದು. ಆಮೇಲೆ ತುದಿಯಿಂದ ಶುರು. ಬಾಚಣಿಗೆ ಮುಟ್ಟಲಿಲ್ಲ. ಎರಡು ಕೈಯ ಬೆರಳು, ಡೊರೊತಿಯಮ್ಮನ ಹೆಣಿಗೆಯ ಒಂದು ಕಡ್ಡಿ, ಅಷ್ಟೇ. ಕಡ್ಡಿಯ ತುದಿಯಿಂದ ಒಂದೊಂದೇ ಕುಣಿಕೆಯನ್ನು ಸಡಿಲಿಸುವುದು, ಸಡಿಲಾದದ್ದನ್ನು ಕೆಳಕ್ಕೆ ಇಳಿಸುವುದು.

ಸಿಕ್ಕಿನ ನಡುಭಾಗ ಮಾತ್ರ ಬಗ್ಗಲಿಲ್ಲ. ಆಗ ನಮ್ಮಿಬ್ಬರಿಗೂ ಒಂದೇ ಯೋಚನೆ ಬಂತು. ನಮ್ಮ ಕಡೆ ತಲೆ ಎಂದರೆ ಮೊದಲು ಎಣ್ಣೆ.

“ಕೊಬ್ಬರಿ ಎಣ್ಣಿ ಐತೇನ್ರೀ?” ಎಂದು ಪದ್ಮಕ್ಕ ಕೇಳಿದರು. ಇರಲಿಲ್ಲ. ಅಡಿಗೆಗೆ ಬಳಸುವ ಮುಸುಕಿನ ಜೋಳದ ಎಣ್ಣೆ ಇತ್ತು. ಪದ್ಮಕ್ಕ ಅದನ್ನೇ ಬೆಚ್ಚಗೆ ಮಾಡಿ ಬಟ್ಟಲಲ್ಲಿ ತಂದರು. ಬೇರೆಯವರ ಕೂದಲು ಮುಟ್ಟಿದರೆ ಮತ್ತೆ ಸ್ನಾನ ಮಾಡಬೇಕಾದೀತೆಂದು ಬಟ್ಟಲನ್ನು ಮಾರು ದೂರದಿಂದ ಚಾಚಿದರು. ನಾನು ಕೈ ತುಂಬ ಸುರಿದುಕೊಂಡೆ. ಸಿಕ್ಕಿಗೆ ಹಾಕಿದೆ. ಅಷ್ಟು ಸಾಲದೆಂದು ಉಳಿದದ್ದನ್ನು ನೆತ್ತಿಗೆ ತಟ್ಟಿದೆ. ಹಬ್ಬದ ದಿನ ನಮ್ಮವ್ವ ನಮಗೆ ತಟ್ಟುವ ಹಾಗೆ.

ಗಂಟು ಸಡಿಲಿತು. ಮುರಿದ ಮೂರು ಹಲ್ಲುಗಳು ಒಂದೊಂದಾಗಿ ಹೊರಬಂದವು. ಕ್ಯಾರಲ್ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅಡಿಗೆಮನೆಯ ಗಡಿಯಾರ ಏಳು ಹೊಡೆಯುವ ಮೊದಲೇ ಕೂದಲು ಬುಡದಿಂದ ತುದಿಯವರೆಗೆ ಸರಾಗವಾಗಿ ಇಳಿಬಿತ್ತು, ಒಂದು ಎಳೆಯೂ ಕತ್ತರಿಸದೆ. ಡೊರೊತಿಯಮ್ಮ ಕತ್ತರಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ನಾನು ಎರಡು ಜಡೆ ಹೆಣೆದೆ. ಕ್ಯಾರಲ್ ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. ನಾನು ದಿನಚರಿಯಲ್ಲಿ ಬರೆದೆ: ‘ತಲೆ ಒಂದು. ಗೆಲುವು ಒಂದು.’

ಅವಸರಪಟ್ಟು ಬರೆದಿದ್ದೆ.

ಶನಿವಾರ ಬೆಳಿಗ್ಗೆ, ಅದೇ ಕುರ್ಚಿ

ಮಿಸ್ ಹೆಲೆನ್ ಎಂಟು ಗಂಟೆಗೆ ಬಂದರು, ಕೈಯಲ್ಲಿ ಬಾಚಣಿಗೆ, ಅಂಟಿನ ಡಬ್ಬಿ. ಹನ್ನೊಂದಕ್ಕೆ ಬಸ್ಸು. ಒಂದು ಎಳೆ ಎತ್ತಿ ಹಿಡಿದು ಒತ್ತಿದರು. ಅದು ನಿಲ್ಲಲಿಲ್ಲ, ಜಾರಿ ಹೆಗಲ ಮೇಲೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ಬಿತ್ತು. ಅವರು ಬೆರಳು ಮೂಸಿ ನೋಡಿದರು.

“ತಲಿಗೆ ಏನ್ ಹಾಕೀರಿ?”

“ಎಣ್ಣಿ,” ಎಂದೆ ನಾನು.

“ಎಷ್ಟು?”

ಪದ್ಮಕ್ಕ ಬಟ್ಟಲು ತೋರಿಸಿದರು. ಮಿಸ್ ಹೆಲೆನ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು.

ಎಣ್ಣೆ ಹಾಕಿದ ಕೂದಲು ನಮ್ಮಲ್ಲಿ ಮೆಚ್ಚುಗೆಯದು, ಏಕೆಂದರೆ ಅದು ತಣ್ಣಗೆ ಕೂರುತ್ತದೆ. ಅಲ್ಲಿ ಬೇಕಾದದ್ದು ನಿಲ್ಲುವ ಕೂದಲು. ಇದು ನಮಗಿಬ್ಬರಿಗೂ ಹಿಂದಿನ ಸಂಜೆ ಹೊಳೆದೇ ಇರಲಿಲ್ಲ. ಎರಡು ಸಲ ಸೋಪು ಹಾಕಿ ತೊಳೆದೆವು, ಈ ಸಲ ತಿಕ್ಕದೆ. ಒಲೆಯ ಮುಂದೆ ಒಣಗಿಸಿದೆವು. ಜಾರುವುದು ಹೋಗಲಿಲ್ಲ. ಮಿಸ್ ಹೆಲೆನ್ ಗಡಿಯಾರ ನೋಡಿದರು. ಆಮೇಲೆ ಮೃದುವಾಗಿಯೇ ಹೇಳಿದರು: “ಎಂಟನೇಯಾಕಿಗೆ ಫೋನ್ ಮಾಡ್ತೀನಿ, ಕ್ಯಾರಲ್. ನೀ ಬಸ್ಸಿನಾಗ ಬಾ. ನಮ್ಮ ಜೋಡಿ ಕೂತು ನೋಡು.”

ಕ್ಯಾರಲ್ ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ನೀಲಿ ಲಂಗವನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

“ನೋಡ್ಕೊಂತ ನಿಂತೀಯಲ್ಲೇ ಸರೋಜೀ,” ಪದ್ಮಕ್ಕ ನನ್ನ ರಟ್ಟೆ ಹಿಡಿದು ಅಲುಗಿಸಿದರು. “ಊರಾಗ ಎಣ್ಣಿ ಹೆಂಗ ತೆಗೀತೀವಿ? ಕಡ್ಲಿಹಿಟ್ಟು, ಹೆಸರಹಿಟ್ಟು. ಇಲ್ಲಿ ಏನೈತಿ? ಕೇಳು ಆಕಿನ್ನ. ಜಲ್ದಿ!”

ಡೊರೊತಿಯಮ್ಮ ಬೀರುವಿನಿಂದ ಒಂದೊಂದೇ ಡಬ್ಬಿ ಇಳಿಸಿದರು. ಗೋಧಿಹಿಟ್ಟು ಬೇಡ, ಅಂಟಾಗುತ್ತದೆ. ಓಟ್ಸ್ ಬೇಡ, ಹೊಟ್ಟು. ಮೂರನೆಯದು ಒಂದು ಹಳದಿ ಡಬ್ಬಿ. ಒಳಗೆ ನುಣ್ಣನೆಯ ಬಿಳಿ ಪುಡಿ; ಬೆರಳ ನಡುವೆ ಹಿಚುಕಿದರೆ ಕಿರ್ ಎನ್ನುತ್ತದೆ.

“ಇದೇನ್ರಿ?”

“ಮುಸುಕಿನ ಜೋಳದ ಗಂಜಿಪುಡಿ. ಸಾರು ದಪ್ಪ ಮಾಡಾಕ ಹಾಕ್ತೀನಿ, ಅಂಗಿ ಕಾಲರಿಗೂ ಹಾಕ್ತೀನಿ.”

ಗಂಜಿ! ಅಜ್ಜಿಯ ಓಣಿ ಕಣ್ಣಮುಂದೆ ಬಂತು. ಬೆಳಗಿನ ಬಿಸಿಲಲ್ಲಿ ಓಣಿಯುದ್ದ ಚಾಚಿದ ಹಾಸುನೂಲು, ಗಂಜಿ ಬಳಿದು ಕುಂಚದಿಂದ ನೇವರಿಸುತ್ತ ಆ ತುದಿಯಿಂದ ಈ ತುದಿಗೆ ನಡೆಯುವ ಗಂಡಸರು. ಗಂಜಿ ಕುಡಿದ ನೂಲು ಒಂದಕ್ಕೊಂದು ಅಂಟುವುದಿಲ್ಲ. ಪ್ರತಿ ಎಳೆಯೂ ತನ್ನಷ್ಟಕ್ಕೆ ಸೆಟೆದು ನಿಲ್ಲುತ್ತದೆ. ನೂಲನ್ನು ನಿಲ್ಲಿಸುವುದು ಕೂದಲನ್ನು ನಿಲ್ಲಿಸದೇ?

ಕಾಸಲು ಹೊತ್ತಿರಲಿಲ್ಲ. ಪುಡಿಯನ್ನೇ ಕೂದಲ ಬುಡಕ್ಕೆ ಉದುರಿಸಿ ಬೆರಳ ತುದಿಯಿಂದ ತಟ್ಟಿದೆ. ಅದು ಎಣ್ಣೆ ಕುಡಿದು ಉಂಡೆಯಾಯಿತು. ಡೊರೊತಿಯಮ್ಮನ ತಲೆ ಬಾಚುವ ಕುಂಚದಿಂದ ನೇವರಿಸಿ ಉದುರಿಸಿದೆ. ಮತ್ತೆ ಹಾಕಿದೆ, ಮತ್ತೆ ನೇವರಿಸಿದೆ. ಅಡಿಗೆಮನೆಯಲ್ಲಿ ಹಿಮ ಬಿದ್ದಂತಾಯಿತು. ಮೂರನೆಯ ಸಲಕ್ಕೆ ಪುಡಿ ಉಂಡೆಯಾಗಲಿಲ್ಲ. ಕ್ಯಾರಲ್‌ಳ ಕೂದಲು ಒಣಗಿದ ಜೋಳದ ದಂಟಿನ ಬಣ್ಣದ್ದಾದ್ದರಿಂದ ಅಲ್ಲಲ್ಲಿ ಉಳಿದ ಪುಡಿ ಕಾಣಲೂ ಇಲ್ಲ.

“ನಿನ್ನ ಕರೀ ತಲಿಗೆ ಹಾಕಿದ್ರ ಈಟೊತ್ತಿಗೆ ಮೊಮ್ಮಕ್ಕಳನ್ನ ಆಡಸ್ತಿದ್ದಿ,” ಎಂದರು ಪದ್ಮಕ್ಕ ನನಗೆ.

ಮಿಸ್ ಹೆಲೆನ್ ಫೋನಿನ ಹತ್ತಿರ ನಿಂತಿದ್ದವರು ಬಂದು ಒಂದು ಎಳೆ ಎತ್ತಿ, ಒತ್ತಿ, ಕೈ ಬಿಟ್ಟರು.

ನಿಂತಿತು.

ಅವರು ಇನ್ನೊಂದು ಎತ್ತಿದರು. ಅದೂ ನಿಂತಿತು. “ಓಹೋ!” ಎಂದು ಅವರು ತೋಳು ಮೇಲೇರಿಸಿ ಎರಡೂ ಕೈಯಿಂದ ಶುರುಮಾಡಿದರು. ಕ್ಯಾರಲ್ ಲಂಗದ ಮಡಿಕೆ ಬಿಚ್ಚಿದಳು.

ಶನಿವಾರ ಮಧ್ಯಾಹ್ನ, ಮತ್ತೆ ಆಟದ ಮನೆ

ಒಳಗೆ ಜನ, ಸೆಕೆ. ಮೊದಲ ಮೂರು ತಂಡಗಳೂ ಚೆನ್ನಾಗಿಯೇ ಕೂಗಿದವು. ಆದರೆ ಹಾರಿ ಹಾರಿ ಬೆವರಿ, ಕೊನೆಯ ಹೊತ್ತಿಗೆ ಒಂದು ತಂಡದಲ್ಲಿ ಇಬ್ಬರ ತಲೆ ಎಡಕ್ಕೆ ವಾಲಿತು, ಇನ್ನೊಂದರಲ್ಲಿ ಒಬ್ಬಳದು ಕಣ್ಣಮೇಲೆ ಇಳಿಯಿತು. ನಮ್ಮ ಹುಡುಗಿಯರು ನಾಲ್ಕನೆಯವರು. ನಾನು ತಲೆಯನ್ನೇ ನೋಡುತ್ತಿದ್ದೆ. ಕೂಗು ಏನೆಂದು ಇಂದಿಗೂ ಹೇಳಲಾರೆ. ಬಸ್ಸು ಹೊರಡುವ ಮೊದಲು ಮಿಸ್ ಹೆಲೆನ್ ಹಳದಿ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ದಾರಿಯಲ್ಲಿ ಉಳಿದ ಆರು ತಲೆಗಳಿಗೂ ಒಂದೊಂದು ಚಿಟಿಕೆ ತಟ್ಟಿದ್ದರು.

ಕೊನೆಯ ಹಾರುವಿಕೆ. ಏಳೂ ಜನ ಮೇಲೆ ಹೋದರು, ಒಂದೇ ಸದ್ದಿಗೆ ಇಳಿದರು. ಏಳೂ ತಲೆ ಇದ್ದಲ್ಲೇ ಇದ್ದವು. ಹೊಗೆಯಂತೆ ಸ್ವಲ್ಪ ಬಿಳಿ ಪುಡಿ ಮಾತ್ರ ಮೇಲೆದ್ದು ದೀಪದ ಬೆಳಕಿನಲ್ಲಿ ತೇಲಿತು.

ತೀರ್ಪು ಹೇಳುವವರು ಕೊನೆಯ ಹೆಸರಿನಿಂದ ಮೊದಲ ಹೆಸರಿಗೆ ಬಂದರು. ನಾಲ್ಕನೆಯದು ನಾವಲ್ಲ. ಮೂರನೆಯದು ನಾವಲ್ಲ. ಎರಡನೆಯ ಹೆಸರು ಹೇಳಿದ ಕೂಡಲೇ ಡೊರೊತಿಯಮ್ಮ ನನ್ನ ಕೈಯನ್ನು ಎಷ್ಟು ಹಿಂಡಿದರೆಂದರೆ ಬಳೆ ಎರಡು ಒಡೆದವು. ಮೊದಲ ಹೆಸರು ಯಾರಿಗೂ ಕೇಳಲಿಲ್ಲ, ಏಕೆಂದರೆ ಅದಕ್ಕೂ ಮೊದಲೇ ಪಕ್ಕದಲ್ಲಿ ಯಾರೋ ಎದ್ದು ನಿಂತು ಎರಡು ಬೆರಳು ಬಾಯಲ್ಲಿಟ್ಟು ಶಿಳ್ಳೆ ಹಾಕಿದ್ದರು. ಆದೋನಿಯ ಕಬಡ್ಡಿ ಮೈದಾನದ ಶಿಳ್ಳೆ. ತಿರುಗಿ ನೋಡಿದೆ. ಅರ್ಚಕರ ಮಗಳು ಪದ್ಮಕ್ಕ.

“ಯಾವಾಗ ಕಲ್ತ್ರಿ?” ಎಂದೆ.

“ಊರುಕೋವೇ, ಸುಮ್ಕಿರೇ. ಊರಾಗ ಯಾರ ಮುಂದೂ ಹೇಳೀಗೀಳೀ!” ಎಂದು ಅವರು ಮತ್ತೊಮ್ಮೆ ಹಾಕಿದರು. ಈಗ ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಮೆಟ್ಟಿಲ ಮೇಲೆ ಏಳು ಜನ

ಗೆದ್ದ ತಲೆಯನ್ನೂ ಬಿಡಿಸಬೇಕಲ್ಲ. ಜನ ಕರಗಿದ ಮೇಲೆ ಹುಡುಗಿಯರು ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಮನೆಗೆ ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿಯುವ ಧೈರ್ಯ ಯಾರಿಗೂ ಇರಲಿಲ್ಲ. ಕ್ಯಾರಲ್ ತನ್ನ ಕಥೆಯನ್ನು ಬಸ್ಸಿನಲ್ಲೇ ಎಲ್ಲರಿಗೂ ಹೇಳಿದ್ದಳು. ಏಳು ತಲೆ, ನನ್ನದು ಎರಡೇ ಕೈ. ನಾನು ಪದ್ಮಕ್ಕನ ಮುಖ ನೋಡಿದೆ.

ಅವರು ಒಂದು ಕ್ಷಣ ತಮ್ಮ ಕೈಗಳನ್ನು ನೋಡಿಕೊಂಡರು. “ಹೆಂಗೂ ಮನಿಗೆ ಹೋಗಿ ಸ್ನಾನ ಮಾಡೋದು ಐತಿ,” ಎಂದು ಸೆರಗು ಸಿಕ್ಕಿಸಿ ಮೊದಲನೆಯವಳ ಹಿಂದೆ ಕೂತರು. “ಬಾ ತಾಯಿ, ತಲಿ ಕೊಡು. ಅಲ್ಲಾಡಿದ್ರ ಕುಕ್ತೀನಿ.”

ಕುಂಚ, ದಾರ, ಎಣ್ಣೆ ಎಲ್ಲವನ್ನೂ ಡೊರೊತಿಯಮ್ಮ ಸೇಬಿನ ಬುಟ್ಟಿಯಲ್ಲಿ ತಂದಿದ್ದರು. ಈ ಸಲ ಕ್ರಮ ಸರಿಯಾಗಿತ್ತು. ನೀರು ಇಲ್ಲ. ಮೊದಲು ಕುಂಚದಿಂದ ಪುಡಿ ಉದುರಿಸುವುದು, ಲಡಿ ಮಾಡಿ ದಾರ ಕಟ್ಟುವುದು, ತುದಿಯಿಂದ ಬುಡಕ್ಕೆ ಬರುವುದು. ಎಣ್ಣೆ ತುದಿಗೆ ಮಾತ್ರ, ಎರಡು ಬೆರಳಿನಷ್ಟು. ಪದ್ಮಕ್ಕ ಮೂರು ತಲೆ ಬಿಡಿಸಿದರು, ನಾನು ನಾಲ್ಕು. ಬಾಚಣಿಗೆಯ ಒಂದು ಹಲ್ಲೂ ಮುರಿಯಲಿಲ್ಲ. ಎರಡನೆಯ ಸ್ಥಾನದ ತಂಡದ ಹುಡುಗಿಯರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಒಬ್ಬಳು ಹತ್ತಿರ ಬಂದು ದಾರದ ಉಂಡೆ ಕೇಳಿ ಪಡೆದಳು.

ಕೊನೆಗೆ ಉಳಿದದ್ದು ಕ್ಯಾರಲ್. ಅವಳ ಕೂದಲನ್ನು ಅಂಗೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿದೆ. ಅವಳು ಈ ಸಲ ಕಾರಣ ಕೇಳದೆ ಬಿಡಲಿಲ್ಲ.

“ನಿಮ್ಮಜ್ಜಿ ಯಾಕ ಹಂಗ ಮಾಡ್ತಿದ್ಲು? ಖರೇ ಹೇಳು.”

ಬಿಡಿಸಿದ ಕೂದಲನ್ನು ಹೆಗಲ ಮೇಲೆ ಹರಡಿಕೊಂಡ ಆರು ಹುಡುಗಿಯರೂ ತಿರುಗಿ ನನ್ನ ಬಾಯಿ ನೋಡಿದರು. ಕೇಳೋಣವೆಂದರೆ ಅಜ್ಜಿ ತೀರಿಕೊಂಡು ನಾಲ್ಕು ವರ್ಷ. “ಊರಿಗೆ ಹೋಗಿ ಕೇಳಿ ಹೇಳ್ತೀನಿ,” ಎಂದು ಮಾತು ಕೊಟ್ಟೆ.

ಊರಿಗೆ ಬಂದ ಮೇಲೆ ಎಮ್ಮಿಗನೂರಿನಲ್ಲಿ ಇಬ್ಬರು ಹಿರಿಯರನ್ನು ಕೇಳಿದೆ. ನೂಲಿನ ಒಳಗೆ ತೇವ ಉಳಿದಿದೆಯೋ ಎಂದು ತಿಳಿಯಲು ಎಂದರು ಒಬ್ಬರು. ಬೆರಳಿಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದಂತೆ. ಇನ್ನೊಬ್ಬರು ನಕ್ಕು, “ನಿಮ್ಮಜ್ಜಿ ನೂಲಿನ ಜೋಡಿ ಮಾತಾಡ್ತಿದ್ಲವ್ವಾ, ಸಿಟ್ಟಾಗಬ್ಯಾಡ ಅಂತ ಹೇಳ್ತಿದ್ಲು,” ಎಂದರು. ಎರಡನ್ನೂ ಬರೆದಿಟ್ಟಿದ್ದೇನೆ. ಯಾವುದು ಸರಿ ಎಂದು ತಿಳಿಯದೆ ಅಯೋವಾಕ್ಕೆ ಇನ್ನೂ ಬರೆದಿಲ್ಲ.

ಓದುಗರಲ್ಲಿ ನೇಕಾರರ ಮನೆಯವರಿದ್ದರೆ, ನಿಮ್ಮ ಅಜ್ಜಿಯೋ ಅತ್ತೆಯೋ ಸಿಕ್ಕು ಬಿಡಿಸುವ ಮೊದಲು ಲಡಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರೆ, ಅದರ ಕಾರಣ ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಕ್ಯಾರಲ್ ಬರೆದ ಕಾಗದದ ಪ್ರಕಾರ ಅಯೋವಾದಲ್ಲಿ ಈಗ ಪ್ರತಿ ಪಂದ್ಯ ಮುಗಿದ ಮೇಲೆ ಹುಡುಗಿಯರು ಸಾಲಾಗಿ ಕೂತು ಒಬ್ಬರ ತಲೆ ಒಬ್ಬರು ಬಿಡಿಸುತ್ತಾರಂತೆ. ಶುರು ಮಾಡುವ ಮೊದಲು ಎಲ್ಲರೂ ಕೂದಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರಂತೆ. ಯಾಕೆಂದು ಕೇಳಿದವರಿಗೆ, ಎಮ್ಮಿಗನೂರಿನಿಂದ ಉತ್ತರ ಬರುವುದಿದೆ ಎನ್ನುತ್ತಾರಂತೆ.